ಖಾಲಿ ಖಾನೆಗಳ ದಾನ

ನಮ್ಮವ್ವ ಹಳೆಯ ಬಟ್ಟೆಯನ್ನು ಯಾರಿಗಾದರೂ ಕೊಡುವ ಮುನ್ನ ಅದರ ಗುಂಡಿ ಹೊಲಿಯುತ್ತಿದ್ದಳು. ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು, ಅಪ್ಪನ ಸವೆದ ಅಂಗಿಯ ಉದುರಿದ ಗುಂಡಿಗಳ ಜಾಗದಲ್ಲಿ ಡಬ್ಬಿಯಿಂದ ಹುಡುಕಿ ತೆಗೆದ ಒಂದೇ ಅಳತೆಯ ಗುಂಡಿಗಳನ್ನು ಹಚ್ಚಿ, ಹಲ್ಲಿನಿಂದ ದಾರ ಕತ್ತರಿಸಿ, ಮಡಿಸಿ, ಆಮೇಲಷ್ಟೇ ಅದನ್ನು ಕೊಡುವ ಗಂಟಿಗೆ ಸೇರಿಸುತ್ತಿದ್ದಳು. ಕೊಟ್ಟುಬಿಡುವ ಅಂಗಿಗೆ ಇಷ್ಟೇಕೆ ಆರೈಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಹಾಕ್ಕೊಳ್ಳೋರಿಗೂ ಎದಿ ಮುಚ್ಚಬೇಕಲ್ಲವಾ?" ಎಂದಿದ್ದಳು, ಸೂಜಿಯಿಂದ ಕಣ್ಣು ತೆಗೆಯದೆ.

ಆ ಮಾತು ಮತ್ತೆ ನೆನಪಾದದ್ದು ಎಷ್ಟೋ ವರ್ಷಗಳ ಮೇಲೆ, ಲಗ್ಗೆರೆಯಲ್ಲಿ, ಮುಚ್ಚಳ ಬಿಚ್ಚಿಟ್ಟ ಕಂಪ್ಯೂಟರೊಂದರ ಮುಂದೆ. ಮೊದಲೇ ಹೇಳಿಬಿಡುತ್ತೇನೆ, ಗೆಳೆಯರೇ, ಇದು ಸಿಟ್ಟಿನಿಂದ ಬರೆಯುತ್ತಿರುವ ಬರಹ. ವರ್ಷಗಳು ಕಳೆದರೆ ಸಿಟ್ಟು ತಣ್ಣಗಾಗುತ್ತದೆ ಎಂದು ಹೇಳುವವರಿದ್ದಾರೆ. ನನ್ನದು ಆಗಲಿಲ್ಲ, ಅದು ತಣ್ಣಗಾಗಲಿ ಎಂದು ನಾನು ಬಯಸಿದವಳೂ ಅಲ್ಲ.

ಪೀಣ್ಯದ ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಲಗ್ಗೆರೆಯ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಟೀಚರು. ಗೋಡೆಯಾಚೆಯ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಮಶೀನು ದಿನವಿಡೀ ಬಡಿಯುತ್ತಿತ್ತು. ಅದರಿಂದ ತಲೆ ಸಿಡಿಯುತ್ತಿದ್ದದ್ದು ನನಗೆ ಮಾತ್ರ. ಮಕ್ಕಳು ಬೆಂಚಿನ ಮೇಲೆ ಅಂಗೈ ಇಟ್ಟು ಆ ಬಡಿತವನ್ನು ಎಣಿಸಿ ಆಟವಾಡುತ್ತಿದ್ದರು. ಅವರ ಭಾಷೆ ಕೈಗಳದು. ನಾನದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿತವಳು, ಹಾಗಾಗಿ ನನ್ನ ಕೈಗಳು ಕೊನೆಯವರೆಗೂ ಪರವೂರಿನವರ ಹಾಗೆ ತಡವರಿಸುತ್ತಲೇ ಮಾತಾಡಿದವು. ಆದರೆ ಒಂಬತ್ತನೇ ತರಗತಿಯ ಶೈಲಾ ಕೈಯೆತ್ತಿದರೆ ಇಡೀ ತರಗತಿ ಅತ್ತ ತಿರುಗುತ್ತಿತ್ತು. ನಾನು ಅರ್ಧ ಗಂಟೆ ಒದ್ದಾಡಿ ಹೇಳಿದ ಪಾಠವನ್ನು ಅವಳು ಮೂರು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದಳು, ಹಿಂದಿನ ಬೆಂಚಿನ ತುಂಟರಿಗೂ ಅರ್ಥವಾಗುವಂತೆ.

ಅದನ್ನು ನೋಡಿಯೇ ನನಗೆ ಹೊಳೆದದ್ದು: ಪಾಠಗಳನ್ನು ಶೈಲಾ ಕೈಯಲ್ಲೇ ಹೇಳಿಸಿ, ವಿಡಿಯೊ ಮಾಡಿ, ನಡುನಡುವೆ ಚಿತ್ರಗಳನ್ನು ಸೇರಿಸಿ, ಕೆಳಗೆ ಕನ್ನಡದ ಸಾಲು ಕೊಟ್ಟು, ಡಿವಿಡಿಗಳಲ್ಲಿ ಬೇರೆ ಊರಿನ ಶಾಲೆಗಳಿಗೂ ಕಳಿಸಿದರೆ? ತಮ್ಮನ ಹ್ಯಾಂಡಿಕ್ಯಾಮ್ ಕೇಳಿ ತಂದೆ. ಮೊದಲ ಪಾಠ, ನೀರಿನ ಚಕ್ರ. ಚಿತ್ರೀಕರಣ ಒಂದೇ ಬೆಳಿಗ್ಗೆಯಲ್ಲಿ ಮುಗಿಯಿತು. ತೊಂದರೆ ಶುರುವಾದದ್ದು ಅದನ್ನು ಶಾಲೆಯ ಆಫೀಸಿನಲ್ಲಿದ್ದ ಏಕೈಕ ಕಂಪ್ಯೂಟರಿಗೆ ಹಾಕಿ ಎಡಿಟ್ ಮಾಡಲು ಕೂತಾಗ.

ವಿಡಿಯೊ ಎಂದರೆ ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳು. ನಮ್ಮ ಕಂಪ್ಯೂಟರು ಅದರಲ್ಲಿ ಐದೋ ಆರೋ ತೋರಿಸಿ, ಉಳಿದದ್ದನ್ನು ನುಂಗಿ, ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಮದುವೆಯ ವಿಡಿಯೊ ಆದರೆ ಪರವಾಗಿಲ್ಲ, ಅಕ್ಷತೆ ಎರಚುವ ಕೈ ತಡೆತಡೆದು ಬಂದರೂ ಎರಚಿದ್ದು ಅಕ್ಷತೆಯೇ ಎಂದು ತಿಳಿಯುತ್ತದೆ. ಕೈಯೇ ಮಾತಾದವರಿಗೆ ಹಾಗಲ್ಲ. ನಮ್ಮ ಶಾಲೆಯಲ್ಲಿ ಬೆರಳುಗಳನ್ನು ಅಲುಗಿಸುತ್ತ ಕೆಳಗಿಳಿಸಿದರೆ ಮಳೆ; ಅವೇ ಬೆರಳುಗಳನ್ನು ಅಲುಗಿಸುತ್ತ ಮೇಲೆತ್ತಿದರೆ ಆವಿ. ಪರದೆಯ ಮೇಲೆ ಶೈಲಾಳ ಕೈ ಒಮ್ಮೆ ಮೇಲೆ ಕಂಡಿತು, ಒಮ್ಮೆ ಕೆಳಗೆ ಕಂಡಿತು, ನಡುವಿನ ದಾರಿ ಕಾಣಲೇ ಇಲ್ಲ. ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಎಂಬುದೇ ತಿಳಿಯದೆ ನಾನು ಕತ್ತರಿಸಿದ ಕಡೆಯೆಲ್ಲ ಅವಳ ಮಾತು ತುಂಡಾಗಿತ್ತು. ಪಕ್ಕದಲ್ಲಿ ಕೂತು ನೋಡಿದ ಅವಳು ಮುಖ ಸಿಂಡರಿಸಿ ಕೈಯಲ್ಲಿ ಹೇಳಿದಳು: "ನಾನು ತೊದಲುವುದಿಲ್ಲ. ಈ ಪೆಟ್ಟಿಗೆ ತೊದಲುತ್ತದೆ."

ಆಗ ನಮ್ಮ ಹೆಡ್‌ಮಾಸ್ಟರು ವೈಟ್‌ಫೀಲ್ಡಿನ ದೊಡ್ಡ ಕಂಪನಿಯೊಂದಕ್ಕೆ ಪತ್ರ ಬರೆದರು. ಇಂಥ ಕೆಲಸಕ್ಕೆ, ಇಂಥ ಶಕ್ತಿಯ ಒಂದು ಕಂಪ್ಯೂಟರ್ ಬೇಕು ಎಂದು ನಾನೇ ಬಿಡಿಸಿ ಬರೆದುಕೊಟ್ಟಿದ್ದೆ. ಬಂದದ್ದು ಒಂದಲ್ಲ, ಎಂಟು! ಎಂಟು ಕಪ್ಪು ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ಕೆಂಪು ರಿಬ್ಬನ್ನು. ಜೊತೆಗೆ ಬ್ಯಾನರು, ಕ್ಯಾಮೆರಾದವರು, ಒಂದೇ ಬಣ್ಣದ ಟೀ ಶರ್ಟು ತೊಟ್ಟ ಹತ್ತಾರು ನೌಕರರು, ಮತ್ತು ದಾನದ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ, ಸದಾ ನಗುವ ಒಬ್ಬ ಮಹಿಳಾ ಅಧಿಕಾರಿ. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದೆವು. ರಿಬ್ಬನ್ನು ಕತ್ತರಿಸಿದ್ದಾಯಿತು, ಫೋಟೊ ಆಯಿತು, ಬಿಸ್ಕತ್ತು ಹಂಚಿದ್ದಾಯಿತು. ನಾನೂ ಚಪ್ಪಾಳೆ ತಟ್ಟಿದೆ. ಈಗ ಬರೆಯುವಾಗ ಆ ಅಂಗೈಗಳ ಮೇಲೆಯೇ ನನಗೆ ಕೋಪ.

ಮರುದಿನ ಒಂದೊಂದಾಗಿ ಎಂಟನ್ನೂ ಹಚ್ಚಿ ನೋಡಿದೆ. ಎರಡು ಹಾಗೂ ಹೀಗೂ ಶುರುವಾಗುತ್ತಿದ್ದವು, ಉಳಿದವು ಪತ್ರ ಟೈಪು ಮಾಡುವಷ್ಟು ಮಾತ್ರ ನಡೆಯುತ್ತಿದ್ದವು. ಎಡಿಟಿಂಗ್ ಸಾಫ್ಟ್‌ವೇರ್ ತೆರೆದರೆ ನಮ್ಮ ಹಳೆಯ ಆಫೀಸಿನ ಯಂತ್ರವೇ ಚುರುಕು ಎನಿಸುವಂತೆ ಪರದೆ ಹೆಪ್ಪುಗಟ್ಟುತ್ತಿತ್ತು.

ಕಂಪ್ಯೂಟರ್ ಅಂಗಡಿಗೆ ಹೋದೆ. ಕೌಂಟರಿನವನು ನನ್ನನ್ನು ನೋಡಿ, ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ, "ಮನೇಲಿ ಸಾರ್ ಇದ್ರೆ ಒಂದ್ಸಲ ಕರ್ಕೊಂಡ್ ಬನ್ನಿ ಮೇಡಂ, ಅವ್ರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ," ಎಂದ. ನನಗೇ ಹೇಳಿ ಎಂದೆ. ನಾನು ಹೇಳುವುದನ್ನು ಪೂರ್ತಿ ಕೇಳದೆ, "ವಿಡಿಯೊ ಸ್ಮೂತ್ ಆಗ್ಬೇಕು ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬೇಕು, ಬೇರೆ ದಾರಿ ಇಲ್ಲ," ಎಂದು ಕಂಪ್ಯೂಟರ್ ಆಟ ಆಡುವವರು ಕೊಳ್ಳುವ ಕಾರ್ಡೊಂದನ್ನು ಕೈಗಿತ್ತ. ಕೊಂಡು ತಂದು ಹಾಕಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ವಾಪಸು ಹೋಗಿ ಕೇಳಿದರೆ ಅವನು, "ನಿಮ್ ಸಿಸ್ಟಮ್ಮೇ ವೀಕ್ ಇದೆ ಮೇಡಂ, ನಾನೇನ್ ಮಾಡ್ಲಿ," ಎಂದ. ಆ ಮಾತನ್ನು ಮೊದಲೇ ಹೇಳಲು ಅವನಿಗೆ ಯಾವ 'ಸಾರ್' ಬೇಕಾಗಿದ್ದರೋ!

ಶೈಲಾಳ ತಾಯಿ ಹೊನ್ನಮ್ಮ ಬಂದದ್ದು ಆ ವಾರ, ಮಗಳ ಪ್ರಗತಿ ಪತ್ರಕ್ಕೆ ಸಹಿ ಹಾಕಲು. ಆಕೆ ಲಗ್ಗೆರೆಯ ಹಳೆಯ ಮನೆತನದವಳು. ಅವಳ ಅಜ್ಜ ರಾಗಿ ಬೆಳೆದ ಹೊಲದ ಮೇಲೇ ಈಗ ನಮ್ಮ ಗೋಡೆಯಾಚೆಯ ಶೆಡ್ಡು ನಿಂತಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಸರ್ಕ್ಯೂಟ್ ಬೋರ್ಡುಗಳಿಗೆ ಬಿಡಿಭಾಗ ಕೂರಿಸಿ ಪರೀಕ್ಷಿಸುವುದು ಅವಳ ಕೆಲಸ. ಅದು ನನಗೆ ಗೊತ್ತಿತ್ತು, ಆದರೂ ಅವಳನ್ನು ಕೇಳಬಹುದೆಂದು ಹೊಳೆದಿರಲಿಲ್ಲ. ಅಂಗಡಿಯವನನ್ನು ಬೈಯುವ ನಾನು, ಅವನು ನನ್ನನ್ನು ನೋಡಿದ ಕಣ್ಣಿನಿಂದಲೇ ಹೊನ್ನಮ್ಮನನ್ನು ನೋಡಿದ್ದೆ. ನನ್ನ ಸೋತ ಮುಖ ಕಂಡು ಅವಳೇ ಕೇಳಿದಳು: "ಒಳಗೇನೈತೆ ಅಂತ ನೋಡಿದ್ರಾ ಮೇಡಂ?"

ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟಿ ("ಮೈಯಾಗಿರೋ ಕರೆಂಟ್ ಇಳಿಸ್ಕಬೇಕು, ಇಲ್ದಿದ್ರೆ ಬೋರ್ಡ್ ಸಾಯ್ತದೆ"), ಪೆಟ್ಟಿಗೆಯ ಸ್ಕ್ರೂ ತೆಗೆದು ಮುಚ್ಚಳ ಸರಿಸಿದಳು. ಬೂದು ಬಣ್ಣದ ಧೂಳು ಎಲ್ಲೆಡೆ ಕಂಬಳಿಯ ಹಾಗೆ ಕೂತಿತ್ತು. ಅವಳು ಬೆರಳಿನಿಂದ ತೋರಿಸಿದ ಕಡೆ ಮಾತ್ರ ಧೂಳಿರಲಿಲ್ಲ. ಉದ್ದನೆಯ ನಾಲ್ಕು ಖಾನೆಗಳಲ್ಲಿ ಮೂರು ಖಾಲಿ, ಒಳಗೆಲ್ಲ ಫಳಫಳ ಹೊಳೆಯುತ್ತಿದ್ದವು.

"ಇಲ್ಲಿ ರ‍್ಯಾಮ್ ಇತ್ತು ಮೇಡಂ. ಮೊನ್ನೆ ಮೊನ್ನೆ ಕಿತ್ಕಂಡವ್ರೆ. ಇಂಗೆ ನೋಡಿ, ಮೊದಲಿಂದ್ಲೂ ಖಾಲಿ ಇದ್ದಿದ್ರೆ ಇದ್ರೊಳ್ಗೂ ಧೂಳು ತುಂಬಿರ್ತಿತ್ತು. ಇಲ್ಲಿ ಇನ್ನೊಂದು ಹಾರ್ಡ್ ಡಿಸ್ಕ್ ಇತ್ತು, ವೈರು ನೇತಾಡ್ತೈತೆ."

ರ‍್ಯಾಮ್ ಎಂದರೆ ಕಂಪ್ಯೂಟರು ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಜಾಗ. ಅಡುಗೆಯವಳಿಗೆ ಕಟ್ಟೆ ಇದ್ದ ಹಾಗೆ. ವಿಡಿಯೊ ಎಂಬ ಮದುವೆಯಡುಗೆಗೆ ದೊಡ್ಡ ಕಟ್ಟೆ ಬೇಕು. ಇವರು ಕಟ್ಟೆ ಒಡೆದು, ಒಲೆ ಕಳಿಸಿದ್ದರು. ಅವ್ವನ ಗುಂಡಿಗಳು ನೆನಪಾದದ್ದು ಆಗಲೇ. ಅವಳು ಕೊಡುವ ಮುಂಚೆ ಹೊಲಿಯುತ್ತಿದ್ದಳು. ಇವರು ಕೊಡುವ ಮುಂಚೆ ಕಿತ್ತಿದ್ದರು.

ಅಧಿಕಾರಿಗೆ ಫೋನು ಮಾಡಿದೆ. ಆಕೆಗೆ ನಾಚಿಕೆಯಾಗಬಹುದೆಂದು ನಿರೀಕ್ಷಿಸಿದ್ದು ನನ್ನ ಪೆದ್ದುತನ. "ಹೌದು ಮೇಡಂ, ಯೂಸ್‌ಫುಲ್ ಪಾರ್ಟ್ಸ್ ನಮ್ಮ ಟೀಮ್‌ನವ್ರು ತೆಗ್ದಿಟ್ಕೊಳ್ತಾರೆ, ಅದು ನಾರ್ಮಲ್," ಎಂದು ಸಲೀಸಾಗಿ ಹೇಳಿದಳು. ಉಪಯೋಗಕ್ಕೆ ಬರುವುದನ್ನು ತೆಗೆದಿಟ್ಟುಕೊಂಡು ಉಪಯೋಗಕ್ಕೆ ಬಾರದ್ದನ್ನು ಕೊಡುವುದಕ್ಕೆ ರಿಬ್ಬನ್ನು ಏಕೆ ಎಂದು ನಾನು ಕೇಳುವಷ್ಟರಲ್ಲಿ, ಆಕೆ ತುಂಬ ಮೃದುವಾಗಿ, ನಿಜವಾದ ಕುತೂಹಲದಿಂದಲೇ ಇನ್ನೊಂದು ಮಾತು ಸೇರಿಸಿದಳು: "ಬೇಸಿಕ್ ಯೂಸ್‌ಗೆ ಸಾಕಲ್ವಾ ಮೇಡಂ? ಆ ಮಕ್ಕಳಿಗೆ ವಿಡಿಯೊ ಎಡಿಟಿಂಗ್ ಎಲ್ಲಾ ಯಾಕೆ?"

ಆ ಮಕ್ಕಳಿಗೆ. ಓದುವ ನೀವೇ ಹೇಳಿ, ನಿಮ್ಮ ಮಗುವಿನ ಬಾಯಿಂದ ಬರುವ ನಾಲ್ಕು ಮಾತಿನಲ್ಲಿ ಮೂರನ್ನು ಯಾರಾದರೂ ಅಳಿಸಿ, ಬೇಸಿಕ್ ಯೂಸ್‌ಗೆ ಒಂದು ಸಾಕು ಎಂದರೆ ನೀವು ಏನು ಉತ್ತರ ಕೊಡುತ್ತೀರಿ? ನಾನು ಫೋನಿಟ್ಟು ಹೊನ್ನಮ್ಮನ ಕಡೆ ನೋಡಿದೆ. ಅವಳು ಎರಡನೆಯ ಪೆಟ್ಟಿಗೆ ಬಿಚ್ಚುತ್ತಿದ್ದಳು.

ಮುಂದಿನ ಭಾನುವಾರ ಅವಳಿಗೆ ರಜೆ. ಬೆಳಿಗ್ಗೆಯೇ ತಾಯಿ ಮಗಳು ಬಂದರು. ತರಗತಿಯ ಬೆಂಚುಗಳನ್ನು ಜೋಡಿಸಿ, ಮೇಲೆ ಒಗೆದ ಹತ್ತಿ ಸೀರೆ ಹಾಸಿ, ಎಂಟನ್ನೂ ಬಿಚ್ಚಿಟ್ಟೆವು. ಹೊನ್ನಮ್ಮ ಪ್ರತಿಯೊಂದರಲ್ಲೂ ಉಳಿದಿದ್ದ ಒಂದೊಂದು ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಹೊಳಪಿಸಿ, ಒಂದೇ ಅಳತೆಯವನ್ನು ಬೇರೆ ಮಾಡಿದಳು. ಎಂಟರಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರೊಸೆಸರ್ ಇದ್ದದ್ದು ಒಂದಕ್ಕೆ. ಅದನ್ನೇ ಆರಿಸಿ ಅದರ ನಾಲ್ಕೂ ಖಾನೆ ತುಂಬಿದಳು. ಇನ್ನೊಂದರ ಹಾರ್ಡ್ ಡಿಸ್ಕ್ ಬಿಚ್ಚಿ ಇದಕ್ಕೆ ಕೂರಿಸಿದಳು, ವಿಡಿಯೊ ಒಂದರಲ್ಲಿ ಇರಲಿ, ಎಡಿಟ್ ಆದದ್ದು ಇನ್ನೊಂದರಲ್ಲಿ ಬರೆಯಲಿ ಎಂದು. ನಾನು ಅಂಗಡಿಯಿಂದ ತಂದಿದ್ದ ಕಾರ್ಡನ್ನು ಎತ್ತಿ ತಿರುಗಿಸಿ ನೋಡಿ, "ಇದು ಬ್ಯಾಡ, ಸುಮ್ನೆ ಕರೆಂಟ್ ತಿಂತದೆ," ಎಂದು ಪಕ್ಕಕ್ಕಿಟ್ಟಳು. ಶೈಲಾ ಸ್ಕ್ರೂಗಳನ್ನು ಬಟ್ಟಲುಗಳಲ್ಲಿ ವಿಂಗಡಿಸಿ, ಯಾವುದು ಯಾವ ಪೆಟ್ಟಿಗೆಯದು ಎಂದು ಚೀಟಿ ಬರೆದು ಅಂಟಿಸುತ್ತ ಹೋದಳು.

ಮಧ್ಯಾಹ್ನದ ಹೊತ್ತಿಗೆ ಗುಂಡಿ ಒತ್ತಿದೆವು. ನೀರಿನ ಚಕ್ರ ಪರದೆಗೆ ಬಂತು, ಶೈಲಾಳ ಕೈ ಎದೆಯ ಮಟ್ಟದಿಂದ ಏಳುತ್ತ, ಬೆರಳುಗಳು ಅಲುಗುತ್ತ, ಎಲ್ಲೂ ತಡೆಯದೆ ಹಣೆಯ ಮೇಲಕ್ಕೆ ಹರಿಯಿತು. ಆವಿ. ಬೇರೇನೂ ಅಲ್ಲ, ಆವಿಯೇ. ಶೈಲಾ ಅದನ್ನು ಹಿಂದಕ್ಕೆ ಓಡಿಸಿ ಆರು ಸಲ ನೋಡಿದಳು. ಆಮೇಲೆ ಮೌಸನ್ನು ನನ್ನ ಕೈಯಿಂದ ಕಿತ್ತುಕೊಂಡು ಕತ್ತರಿಸಲು ತಾನೇ ಕೂತಳು. ಆ ದಿನದಿಂದ ನಮ್ಮ ಶಾಲೆಯ ಎಡಿಟರ್ ಅವಳೇ.

ಇಲ್ಲಿಗೇ ಮುಗಿದಿದ್ದರೆ ಇದನ್ನು ನಗುನಗುತ್ತ ಬರೆಯಬಹುದಿತ್ತು. ಒಂದು ತಿಂಗಳ ಮೇಲೆ ಅಧಿಕಾರಿಯ ಫೋನು ಬಂತು. ಕಂಪನಿಯ ವಾರ್ಷಿಕ ಸಮಾರಂಭದಲ್ಲಿ ತೋರಿಸಲು ಎರಡು ನಿಮಿಷದ ವಿಡಿಯೊ ಬೇಕಂತೆ, ಮಕ್ಕಳಲ್ಲಿ ಒಬ್ಬರು ಕೈಭಾಷೆಯಲ್ಲಿ ಧನ್ಯವಾದ ಹೇಳಬೇಕಂತೆ. ಕೆಳಗೆ ಹಾಕಬೇಕಾದ ಇಂಗ್ಲಿಷ್ ಸಾಲುಗಳನ್ನು ಆಕೆ ಆಗಲೇ ಬರೆದು ಕಳಿಸಿದ್ದಳು: ನೀವು ನಮ್ಮ ಬದುಕು ಬದಲಿಸಿದಿರಿ, ನಮ್ಮ ಕನಸಿಗೆ ರೆಕ್ಕೆ ಕೊಟ್ಟಿರಿ ಎಂಬಂಥವು. ಹುಡುಗಿ ಕೈಯೆತ್ತುವ ಮೊದಲೇ ಅವಳ ಮಾತಿನ ಅನುವಾದ ಸಿದ್ಧವಾಗಿತ್ತು!

ನಾನು ಶೈಲಾಗೆ ಹೇಳಿದ್ದು ಇಷ್ಟೇ: ಕಂಪ್ಯೂಟರ್ ಕೊಟ್ಟವರು ಕೇಳುತ್ತಿದ್ದಾರೆ, ನಿನಗೆ ಹೇಳಬೇಕೆನಿಸಿದ್ದು ಹೇಳು. ಅವಳು ಕ್ಯಾಮೆರಾ ಮುಂದೆ ನೆಟ್ಟಗೆ ನಿಂತು ಹೇಳಿದಳು: "ಎಂಟು ಕಂಪ್ಯೂಟರ್ ಬಂದವು. ಒಳಗೆ ಖಾಲಿ ಇತ್ತು. ನನ್ನ ಅಮ್ಮ ಎಲ್ಲ ಬಿಚ್ಚಿ, ಎಂಟರಿಂದ ಒಂದು ಮಾಡಿದಳು. ಅದು ಚೆನ್ನಾಗಿದೆ, ಅದರಲ್ಲಿ ನಾನು ಪಾಠ ಮಾಡುತ್ತೇನೆ. ನೀವು ತೆಗೆದುಕೊಂಡದ್ದನ್ನು ಕೊಟ್ಟರೆ ಇನ್ನೂ ಏಳು ಜನ ಮಾಡಬಹುದು." ಅದರಲ್ಲಿ ಕೋಪವಿರಲಿಲ್ಲ. ಲೆಕ್ಕದ ಪಾಠ ಹೇಳುವವಳ ಹಾಗೆ ಹೇಳಿದ್ದಳು. ನಾನದನ್ನೇ ಪದಕ್ಕೆ ಪದವಾಗಿ ಕೆಳಗೆ ಟೈಪು ಮಾಡಿದೆ.

ಹೆಡ್‌ಮಾಸ್ಟರು ನೋಡಿ ಬೆವೆತರು. ಒಳ್ಳೆಯ ಮನುಷ್ಯ, ಇಪ್ಪತ್ತು ವರ್ಷ ಯಾರ್ಯಾರ ಬಾಗಿಲಲ್ಲೋ ನಿಂತು ಶಾಲೆ ನಡೆಸಿದವರು. "ಅವ್ರು ಕೊಟ್ಟಿರೋ ಸಾಲೇ ಹಾಕ್ಬಿಡಿ ಮೇಡಂ. ಅಲ್ಲಿ ಯಾರಿಗ್ ತಿಳಿಯುತ್ತೆ? ಅವಳು ಏನೇ ಹೇಳ್ಲಿ, ಓದೋರು ಕೆಳಗಿಂದೇ ಓದ್ತಾರೆ. ನಾಳೆ ಮತ್ತೆ ಅವ್ರ ಹತ್ರಾನೇ ಹೋಗ್ಬೇಕು ನಾವು."

"ಹಾಕ್ತೀನಿ ಸಾರ್," ಎಂದೆ. "ಆದ್ರೆ ನಿನ್ನ ಮಾತು ಬದಲಾಯಿಸ್ತಿದ್ದೀವಿ ಅಂತ ಅವಳಿಗೆ ನೀವೇ ಹೇಳ್ಬೇಕು."

ಶೈಲಾಳನ್ನು ಕರೆಸಿದೆವು. ಬಾಗಿಲಲ್ಲಿ ನಿಂತು ಅವಳು ಅವರ ಕೈಗಳನ್ನೇ ನೋಡಿದಳು. ನಮ್ಮ ಶಾಲೆಯಲ್ಲಿ ಹೆಡ್‌ಮಾಸ್ಟರಷ್ಟು ಚೆನ್ನಾಗಿ ಕೈಭಾಷೆ ಬಲ್ಲ ದೊಡ್ಡವರು ಇರಲಿಲ್ಲ. ಅವರು ಎರಡೂ ಕೈ ಎತ್ತಿದರು. ಎತ್ತಿದ ಕೈಗಳು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತವು, ಮತ್ತೆ ಮೇಜಿನ ಮೇಲೆ ಇಳಿದವು. "ಹಂಗೇ ಕಳ್ಸಿ ಮೇಡಂ," ಎಂದು ನನಗೆ ಬಾಯಲ್ಲಿ ಹೇಳಿ, ಅವಳಿಗೆ ಕೈಯಲ್ಲಿ "ಚೆನ್ನಾಗಿ ಮಾಡಿದ್ದೀಯ" ಎಂದರು.

ಸಮಾರಂಭಕ್ಕೆ ಕರೆ ಬಂತು. ಹೊನ್ನಮ್ಮ ಶಿಫ್ಟಿಗೆ ರಜೆ ಹಾಕಿದಳು. ಮೂವರೂ ಬಸ್ಸು ಬದಲಿಸುತ್ತ ವೈಟ್‌ಫೀಲ್ಡ್ ತಲುಪುವಾಗ ಬೆಳಗಿನ ಹನ್ನೊಂದು. ಗಾಜಿನ ಕಟ್ಟಡದ ತಣ್ಣನೆಯ ಸಭಾಂಗಣದಲ್ಲಿ ನಮ್ಮನ್ನು ನಾಲ್ಕನೆಯ ಸಾಲಿನಲ್ಲಿ ಕೂರಿಸಿದರು. ದೊಡ್ಡ ಪರದೆಯ ಮೇಲೆ ಶೈಲಾ ಬಂದಳು, ನೆಟ್ಟಗೆ, ಕೈಗಳೆಲ್ಲ ಸ್ಪಷ್ಟವಾಗಿ. ಅವಳ ಸೊಂಟದ ಕೆಳಗೆ ಮಾತ್ರ ನಾನು ಹಾಕಿರದ ನೀಲಿ ಪಟ್ಟಿಯೊಂದಿತ್ತು. ನನ್ನ ಸಾಲುಗಳನ್ನು ಅದರಿಂದ ಮುಚ್ಚಿ, ಮೇಲೆ ತಮ್ಮ ಬದುಕು, ಕನಸು, ರೆಕ್ಕೆಗಳನ್ನು ಬರೆದುಕೊಂಡಿದ್ದರು. 'ಒಳಗೆ ಖಾಲಿ ಇತ್ತು' ಎಂದು ಅವಳು ಖಾಲಿ ಅಂಗೈ ತೋರಿಸಿದಾಗ ಕೆಳಗೆ 'ಥ್ಯಾಂಕ್ ಯೂ' ಎಂದು ಬಂತು. ಸುತ್ತ ಕೂತವರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು.

ನಾನು ಕೂತೇ ಇದ್ದೆ. ಇಷ್ಟೆಲ್ಲ ಸಿಟ್ಟಿನ ಮಾತಾಡುವ ನಾನು, ಆ ಚಪ್ಪಾಳೆಯ ನಡುವೆ ಕೂತಲ್ಲೇ ಕೂತಿದ್ದೆ. ಇಂಗ್ಲಿಷಿನಲ್ಲಿ ಆ ಎರಡು ಪದ ಓದಬಲ್ಲ ಶೈಲಾ ತಾಯಿಯ ಸೆರಗು ಜಗ್ಗಿ, ಪರದೆ ತೋರಿಸಿ, ಇಲ್ಲ ಎಂಬಂತೆ ಕೈ ಬೀಸಿದಳು. ನನ್ನದಲ್ಲ. ಅದು ನನ್ನದಲ್ಲ. ಆಗ ಎದ್ದು ನಿಂತದ್ದು ಹೊನ್ನಮ್ಮ.

"ಸಾರ್," ಎಂದಳು. ಕಾರ್ಖಾನೆಯ ಸದ್ದನ್ನು ಮೀರಿ ಮಾತಾಡಿ ಅಭ್ಯಾಸವಾದ ಗಂಟಲು, ಮೈಕು ಬೇಕಾಗಲಿಲ್ಲ. "ಸಾರ್, ನನ್ ಮಗ್ಳು ಅಂಗಂದಿಲ್ಲ. ಅಲ್ಲಿ ಬರ್ದಿರದು ಸುಳ್ಳು. ಅವ್ಳು ಏನಂದ್ಳು ಅಂತ ಈ ಮೇಡಂನ ಕೇಳಿ."

ಇನ್ನು ಕೂತಿರಲು ನನಗೆ ಯಾವ ನೆಪವೂ ಉಳಿದಿರಲಿಲ್ಲ. ಎದ್ದು, ಶೈಲಾಳ ಐದು ಮಾತನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದೆ. ವೇದಿಕೆಯ ನಿರೂಪಕ ನಗಲು ಪ್ರಯತ್ನಿಸಿ, ಏನೋ ತಾಂತ್ರಿಕ ತೊಂದರೆ ಎಂದು ಹೇಳಿ ಮುಂದಿನ ನೃತ್ಯವನ್ನು ಕರೆದ. ಹೊರಗೆ ಅಧಿಕಾರಿ ನಮ್ಮನ್ನು ಹಿಡಿದು ನಿಲ್ಲಿಸಿದಳು. ಮೊದಲ ಬಾರಿ ಅವಳ ಮುಖದಲ್ಲಿ ನಗು ಇರಲಿಲ್ಲ. "ನಾವು ಒಳ್ಳೇದ್ ಮಾಡಕ್ಕೆ ಬಂದ್ವಿ. ಎಲ್ಲರ ಮುಂದೆ ಹೀಗಾ ಮಾಡೋದು?" ಎಂದಳು. ಎಲ್ಲರ ಮುಂದೆಯೇ ಕೊಟ್ಟಿದ್ದಿರಲ್ಲ ಎಂದಷ್ಟೇ ನಾನು ಹೇಳಿದೆ.

ವಾಪಸು ಬರುವ ಬಸ್ಸಿನಲ್ಲಿ ಶೈಲಾ ಕಿಟಕಿಗೆ ಒರಗಿ ನಿದ್ದೆ ಹೋದಳು. ಹೊನ್ನಮ್ಮ ಸಂಕೋಚದಿಂದ ಕೇಳಿದಳು: "ಮೇಡಂ, ಅಲ್ಲಿ ನೀವು ಯೋಳಿದ್ರಲ್ಲ, ನನ್ನ ಅಮ್ಮ ಮಾಡಿದ್ಳು ಅಂತ. ಅದನ್ನ ಅವ್ಳೇ ಅಂದಿದ್ದಾ, ನೀವು ಸೇರ್ಸಿದ್ದಾ?" ಅವಳೇ ಅಂದದ್ದು ಎಂದೆ. ಮನೆಯಲ್ಲಿ ಊಟ, ನೀರು, ಬಾ, ಹೋಗು ಎಂಬಷ್ಟೇ ಸನ್ನೆ ಬಲ್ಲ ತಾಯಿ ಅವಳು. ಮಗಳು ತನ್ನ ಬಗ್ಗೆ ಲೋಕಕ್ಕೆ ಏನು ಹೇಳಬಹುದೆಂದು ಅವಳಿಗೆ ತಿಳಿದಿರಲಿಲ್ಲ. "ಅದನ್ನ ಎಂಗೆ ಅಂತಾರೆ, ತೋರ್ಸಿ," ಎಂದಳು. ತೋರಿಸಿದೆ. ಮೆಜೆಸ್ಟಿಕ್ ಬರುವವರೆಗೆ ಅವಳ ಕೈ ಮಡಿಲಲ್ಲೇ ಆ ಮಾತನ್ನು ರೂಢಿ ಮಾಡುತ್ತಿತ್ತು.

ಕಂಪನಿಯ ದಾನದ ಪಟ್ಟಿಯಿಂದ ನಮ್ಮ ಶಾಲೆಯನ್ನು ತೆಗೆದರೆಂದು ಹೆಡ್‌ಮಾಸ್ಟರಿಗೆ ಪತ್ರ ಬಂತು. ಅವರು ಅದನ್ನು ಓದಿ, ಫೈಲಿಗೆ ಸೇರಿಸಿ, ಬೇರೆ ಬಾಗಿಲು ಹುಡುಕಲು ಹೊರಟರು. ಆದರೆ ಶೈಲಾಳ ಮಾತು ಕೇಳಿದ ಮೇಲೆ ಆ ಸಭೆಯಲ್ಲಿ ಯಾರಿಗೋ ಅಂದಿನ ಊಟ ರುಚಿಸಿರಲಿಕ್ಕಿಲ್ಲ. ಎರಡು ವಾರದ ಮೇಲೆ ಒಂದು ಭಾನುವಾರ, ಹೊನ್ನಮ್ಮ ಶಾಲೆಯಲ್ಲಿ ಕೈಭಾಷೆ ಕಲಿಯುತ್ತಿದ್ದ ಹೊತ್ತಿಗೆ, ಕಂಪನಿಯ ಗುರುತಿನ ಚೀಟಿ ಕೊರಳಲ್ಲಿದ್ದ ಒಬ್ಬ ನೌಕರ ಬೈಕಿನಲ್ಲಿ ಬಂದ. ರಟ್ಟಿನ ಡಬ್ಬವೊಂದನ್ನು ಮೇಜಿನ ಮೇಲಿಟ್ಟ; ಒಳಗೆ ಬೆಳ್ಳಿ ಬಣ್ಣದ ಕವರುಗಳಲ್ಲಿ ಇಪ್ಪತ್ತು ರ‍್ಯಾಮ್‌ಗಳು. "ಮೇಲಿಂದ ಕಳ್ಸಿದ್ದಾರೆ ಮೇಡಂ," ಎಂದು ಹೇಳಿ, ಜೇಬಿನಿಂದ ಮೊಬೈಲು ತೆಗೆದು ಹಿಂದೆ ಸರಿದು ನಿಂತ. "ಎಲ್ಲರೂ ಡಬ್ಬ ಹಿಡ್ಕೊಂಡು ನಿಂತ್ಕೊಳ್ಳಿ. ರೆಕಾರ್ಡಿಗೆ ಒಂದ್ ಫೋಟೊ ಬೇಕು."

ಹೊನ್ನಮ್ಮ ಅವನ ಮುಂದೆ ಒಂದು ಕುರ್ಚಿ ಎಳೆದಿಟ್ಟಳು.

"ಮೊದ್ಲು ಇವನ್ನ ಆಕಿ ನೋಡ್ತೀವಿ ಸಾರ್," ಎಂದಳು. "ಕೆಲ್ಸ ಮಾಡಿದ್ರೆ ಫೋಟೊ. ಕೂತ್ಕಳಿ."

ಏಳು ಪೆಟ್ಟಿಗೆಗಳ ಮುಚ್ಚಳ ತೆಗೆದು, ಇಪ್ಪತ್ತನ್ನೂ ಒಂದೊಂದಾಗಿ ಹಾಕಿ, ಪ್ರತಿಯೊಂದಕ್ಕೂ ಪರದೆ ಬೆಳಗುವುದನ್ನು ಶೈಲಾ ಕಣ್ಣಾರೆ ಕಂಡು ಸರಿ ಎಂದು ಗುರುತು ಹಾಕುವವರೆಗೆ ಎರಡೂವರೆ ಗಂಟೆ ಹಿಡಿಯಿತು. ಆತ ಕೂತೇ ಇದ್ದ.